ಮೂಲೆ ಖಾಲಿಯಿದ್ದ ಚೀಟಿಗಳು

ಮೈದಾ ಗೋಂದು ಕುದಿಯುವ ವಾಸನೆ ಬಂದರೆ ಟೈಪಿಸ್ಟಮ್ಮನಿಗೆ ಇಂದಿಗೂ ಅಪ್ಪನ ನೆನಪು. ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಅಪ್ಪನ ಪಕ್ಕದಲ್ಲಿ, ಬೆರಳಿಗೆಲ್ಲ ಗೋಂದು ಮೆತ್ತಿಕೊಂಡೇ ಅವಳು ಬೆಳೆದದ್ದು. ಅದಕ್ಕೇ ಆ ಬೆಳಿಗ್ಗೆ ಸಂಪಾದಕರ ಕೋಣೆಯ ಡ್ರಾಯರಿಗೆ ಬಗ್ಗಿದಾಗ ಮೊದಲು ಅವಳ ಮೂಗಿಗೆ ಹತ್ತಿದ್ದು ಆ ವಾಸನೆ.

ಮಕ್ಕಳ ವಾರಪತ್ರಿಕೆಯ ಆ ಡ್ರಾಯರಿನಲ್ಲಿ ಮುನ್ನೂರು ಚೀಟಿಗಳಿದ್ದವು. ಚೀಟಿಗೊಂದು ಹೊಸ ಪದ. ಕತೆಗಾರ ಒಂಬತ್ತು ವರ್ಷಗಳಿಂದ ತನ್ನ ಧಾರಾವಾಹಿಯಲ್ಲಿ ಅವನ್ನು ಬಳಸುತ್ತ ಬಂದು, ಊರಿನ ನಾಲಿಗೆಗೆ ಹತ್ತಿಸಿಬಿಟ್ಟಿದ್ದ. ಯಾರಾದರೂ ಹುಡುಕಲಿ ಎಂದೇ ಅಡಗಿ ಕೂರುವುದಕ್ಕೆ ‘ಗುಬುಕು’ ಎಂಬ ಪದ ಬಂದದ್ದು ಅಲ್ಲಿಂದಲೇ. ಈಗ ಬಸ್ಸಿನ ಕಂಡಕ್ಟರ್ ಕೂಡ, “ಹಿಂದೆ ಗುಬುಕಿದ್ದು ಸಾಕು, ಟಿಕೆಟ್ ತಗೊಳ್ಳಿ ಸ್ವಾಮಿ” ಎನ್ನುತ್ತಿದ್ದ. ಮರುದಿನ ಚೀಟಿಗಳು ಹಲ್ಲುಪುಡಿ ಕಂಪನಿಗೆ ಹೋಗಬೇಕಿತ್ತು, ಡಬ್ಬಿಗೊಂದು ಪದ ಕತೆಗಾರನ ಕೈಬರಹದಲ್ಲೇ ಅಚ್ಚಾಗಲು. ಅಷ್ಟರಲ್ಲಿ ನಲವತ್ತೊಂದು ಚೀಟಿ ಮಾಯ.

ಬೀಗ ಮುರಿದಿರಲಿಲ್ಲ. ಕೀಲಿ ಇರುತ್ತಿದ್ದದ್ದು ಜವಾನ ತಾತನ ಸ್ಟೂಲಿನ ಹಿಂದಿನ ಗೋಡೆಯ ಮೊಳೆಯಲ್ಲಿ.

“ಸಂಜೆಯೊಳಗೆ ಚೀಟಿ ಸಿಗದಿದ್ರೆ ಪೊಲೀಸರಿಗೆ ಹೇಳ್ತೀನಿ” ಎಂದರು ಸಂಪಾದಕರು. ತಾತ ಸ್ಟೂಲಿನ ಮೇಲೆ ಕುಸಿದು ಕೂತ. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಟೈಪಿಸ್ಟಮ್ಮ ಮಹಡಿಗೆ ಓಡಿದಳು. ಅಲ್ಲಿನ ಒಂಟಿ ಕೋಣೆಯಲ್ಲಿ ಕರಡಜ್ಜಿಯ ವಾಸ. ನಲವತ್ತು ವರ್ಷ ಕರಡು ತಿದ್ದಿ ನಿವೃತ್ತಳಾದವಳು. ಕಟ್ಟಡದಲ್ಲಿ ಏನು ಕಳೆದರೂ ಮೊದಲು ಅವಳಿಗೇ ದೂರು.

“ಅಜ್ಜೀ, ಯಾರೋ ನಡುನಡುವಿಂದ ಆರಿಸಿ ನಲವತ್ತೊಂದು ಚೀಟಿ ತೆಗೆದಿದ್ದಾರೆ, ತಾತನ್ನ ಕಳ್ಳ ಅಂತಿದ್ದಾರೆ!”

“ಅವನ ಕನ್ನಡಕ ಒಡೆದು ತಿಂಗಳಾಯ್ತು. ಮುನ್ನೂರರಲ್ಲಿ ನಲವತ್ತೊಂದನ್ನ ಮೂಸಿ ಆರಿಸಿದ್ನಾ? ನಡಿಯೇ.”

ಅಜ್ಜಿ ಚೀಟಿಗಳ ನಕಲು ಪುಸ್ತಕ ತರಿಸಿ, ಉಳಿದ ಚೀಟಿಗಳ ಜೊತೆ ತಾಳೆ ನೋಡುತ್ತ ಗಂಟೆಗಟ್ಟಲೆ ಓದಿದಳು. ಪದದ ಕೆಳಗೆ ತಾರೀಕು ಹಾಕಿ, ಅದು ಯಾರ ಬಾಯಿಂದ ಮೊದಲು ಬಿತ್ತೋ ಅವರನ್ನು ಚೀಟಿಯ ಮೂಲೆಯಲ್ಲಿ ಬರೆದಿಡುವುದು ಕತೆಗಾರನ ಪದ್ಧತಿ: ಹಾಲಿನವಳು, ಕ್ಷೌರಿಕ, ನಾನು. ಕಳೆದ ನಲವತ್ತೊಂದಕ್ಕೂ ಮೂಲೆ ಖಾಲಿ.

“ಡ್ರಾಯರಲ್ಲಿ ಗೋಂದಿನ ವಾಸನೆ ಇತ್ತು ಅಜ್ಜಿ” ಎಂದು ಟೈಪಿಸ್ಟಮ್ಮ ಹೇಳಿಬಿಟ್ಟಳು. ಅಜ್ಜಿಯ ಮುಖ ಬಾಡಿತು.

ಸಂಜೆ ಎಲ್ಲರೂ ಸೇರಿದರು: ಸಂಪಾದಕರು, ಕತೆಗಾರ, ಪತ್ರಿಕೆಯ ಪುಟಗಳನ್ನು ಗೋಂದು ಹಚ್ಚಿ ಅಂಟಿಸುವ ಅವನ ಹೆಂಡತಿ, ತಾತ. ಆ ಹೆಂಡತಿಯನ್ನು ಕಚೇರಿಯೆಲ್ಲ ಅತ್ತಿಗೆ ಎಂದೇ ಕರೆಯುತ್ತಿತ್ತು.

“ಮೂಲೆ ಖಾಲಿ ಇದ್ರೆ ಕತೆಗಾರರದೇ ಪದ ಅಲ್ವೇ?” ಎಂದರು ಸಂಪಾದಕರು.

ಅಜ್ಜಿ ಅಲ್ಲವೆಂದು ತಲೆಯಾಡಿಸಿದಳು. “ಸ್ವಂತದ್ದಕ್ಕೆ ‘ನಾನು’ ಅಂತ ಬರೀತಾರಲ್ಲಪ್ಪ. ಖಾಲಿ ಬಿಟ್ಟಿದ್ದು ಹೆಸರು ಗೊತ್ತಿಲ್ದೆ ಅಲ್ಲ, ಬರೆಯೋಕೆ ಕೈ ಬರ್ದೆ. ತಾರೀಕು ನೋಡಿ, ಇವರು ಈ ಊರಿಗೆ ಬರೋ ಮುಂಚಿನವು. ಮೊದಲ ಪದಗಳು ಹಾಲು, ನಿದ್ದೆ, ತೊಟ್ಟಿಲಿನವು. ಆಮೇಲೆ ಮೆಟ್ಟಿಲು, ನಾಯಿಮರಿ. ಕೊನೇದು, ಹೊಸ ಶೂ ಮಾಡೋ ಸದ್ದಿಗೆ. ಪದಗಳು ಒಂದು ಮಗುವಿನ ಹಾಗೆ ಬೆಳೀತಾ ಬಂದು, ಅಲ್ಲಿಗೇ ನಿಂತುಬಿಟ್ಟಿವೆ.”

ಅಜ್ಜಿ ದನಿ ತಗ್ಗಿಸಿದಳು. “ಇಷ್ಟನ್ನೇ ಗುರುತಿಸಿ ತೆಗೆಯೋರು ಇಬ್ಬರೇ. ಅದರಲ್ಲಿ ಗೋಂದಿನ ಕೈ ಒಬ್ಬರದ್ದು.”

ಅತ್ತಿಗೆ ಚೀಲದಿಂದ ಒಂದು ಪುಟ್ಟ ನೋಟುಬುಕ್ಕು ತೆಗೆದಳು. ಚೀಟಿಗಳನ್ನೆಲ್ಲ ಸಾಲಾಗಿ ಅಂಟಿಸಿದ್ದಳು. ಮೂಲೆ ಮೂಲೆಯಲ್ಲೂ ಪೆನ್ಸಿಲಿನಲ್ಲಿ ‘ಪುಟ್ಟಿ’.

“ಊರ ಮಕ್ಕಳ ಬಾಯಲ್ಲಾದ್ರೂ ಅವಳು ಮಾತಾಡ್ತಿರ್ಲಿ ಅಂದ್ಕೊಂಡೆ ಕಣೇ” ಎಂದ ಕತೆಗಾರ.

“ಕತೇಲಿ ಬಂದಾಗ ನಾನೇನಾದ್ರೂ ಅಂದ್ನಾ? ಹಲ್ಲುಪುಡಿ ಮುಗಿದ್ಮೇಲೆ ಡಬ್ಬಿ ಎಲ್ಲಿ ಬೀಳುತ್ತೆ ಹೇಳಿ.”

ವಾಸನೆಯ ಮಾತನ್ನು ಆಡದಿದ್ದರೇ ಚೆನ್ನಾಗಿತ್ತೇನೋ ಎನಿಸಿತು ಟೈಪಿಸ್ಟಮ್ಮನಿಗೆ. ಆದರೆ ಸ್ಟೂಲಿನ ಮೇಲೆ ತಾತನಿದ್ದ.

ಸಂಪಾದಕರು ಟೈಪಿಸ್ಟಮ್ಮನ ಕಡೆ ನೋಡಿದರು. “ಕಂಪನಿಗೆ ಕಾಗದ ಬರಿಯಮ್ಮ. ನಮ್ಮ ಹತ್ರ ಇರೋದು ಇನ್ನೂರ ಐವತ್ತೊಂಬತ್ತೇ ಪದ.” ಆಮೇಲೆ ತಾತನ ಕಡೆ ತಿರುಗಿ, “ತಪ್ಪಾಯ್ತು” ಎಂದರು.

ಅತ್ತಿಗೆ ಎದ್ದು ಹೋಗಿ ಕೈಯ ಗೋಂದನ್ನು ಉಜ್ಜಿ ಉಜ್ಜಿ ತೊಳೆದಳು. ಮೇಜಿನ ಕೆಳಗಿದ್ದ ತನ್ನ ಊಟದ ಡಬ್ಬಿ ತಂದಳು. ಅವಳೂ ಅಂದು ಅದನ್ನು ಮುಟ್ಟಿರಲಿಲ್ಲ. ತಾತನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಚ್ಚಳ ತೆಗೆದು, ಅವನ ಎರಡೂ ಕೈಗಳಲ್ಲಿ ಇಟ್ಟಳು.