ಮೂರನೇ ಬೆಂಚಿನ ಪುಸ್ತಕಗಳು

ಬಸ್ ನಿಲ್ದಾಣದ ಕೊನೆಯಲ್ಲಿ, ಕಳೆದ ವಸ್ತುಗಳನ್ನು ಇಡುವ ಕೋಣೆಗೆ ಅವಳು ಹೋದದ್ದು ಛತ್ರಿಗಾಗಿ. ಅದೂ ತನ್ನದಲ್ಲ, ಅತ್ತಿಗೆಯದು. ಬಸ್ಸಿನಲ್ಲಿ ಇವಳೇ ಮರೆತು ಬಂದಿದ್ದಳು.

"ಯಾವ ಬಣ್ಣ ಮೇಡಂ?" ಕೌಂಟರಿನ ಹಿಂದೆ ಕೂತವನು ಕೇಳಿದ.

ಅವಳ ನೋಟ ಆಗಲೇ ಅವನನ್ನು ದಾಟಿತ್ತು. ಅವನ ಬೆನ್ನ ಹಿಂದಿನ ಕಬ್ಬಿಣದ ರ್‍ಯಾಕಿನಲ್ಲಿ ಸಾಲಾಗಿ ಪುಸ್ತಕಗಳು ನಿಂತಿದ್ದವು. ಒಂದೊಂದಕ್ಕೂ ದಾರ ಕಟ್ಟಿ ರಟ್ಟಿನ ಚೀಟಿ ನೇತುಹಾಕಿತ್ತು. ಒಂದೊಂದರ ಬೆನ್ನೂ ಅವಳಿಗೆ ಗೊತ್ತಿತ್ತು.

"ಆ ಪುಸ್ತಕಗಳು... ಎಲ್ಲಿ ಸಿಕ್ಕಿದ್ವು?"

"ಮೂರನೇ ಬೆಂಚಲ್ಲಿ. ಯಾರೋ ಮಹಾ ಮರೆಗುಳಿ ಇದ್ದಾರೆ ಮೇಡಂ, ವಾರದಲ್ಲಿ ಎರಡು ಮೂರು ಸಲ ಪುಸ್ತಕ ಬಿಟ್ಟು ಹೋಗ್ತಾರೆ. ನಾನು ಒಂದನ್ನೂ ಹಾಳಾಗೋಕೆ ಬಿಟ್ಟಿಲ್ಲ. ಧೂಳು ಒರೆಸಿ, ಬಿಚ್ಚಿದ ಹಾಳೆಗೆ ಅಂಟು ಹಾಕಿ ಇಟ್ಟಿದ್ದೀನಿ. ಇವತ್ತಲ್ಲ ನಾಳೆ ಅವರು ಬಂದೇ ಬರ್ತಾರೆ."

"ಬಂದಿದ್ದಾರೆ. ಆ ಮರೆಗುಳಿ ನಾನೇ."

ಅವನ ಮುಖ ಅರಳಿತು. ಕಳೆದದ್ದು ತನಗೇ ಸಿಕ್ಕಿದಂತೆ, ಕಣ್ಣಿನ ಮೂಲೆಯವರೆಗೂ ನಕ್ಕುಬಿಟ್ಟ. ಆ ನಗುವಿಗೆ ಅವಳ ಕೋಪ ಒಂದು ಗಳಿಗೆ ದಾರಿ ತಪ್ಪಿತು. ಒಂದೇ ಗಳಿಗೆ.

"ನಾನು ಮರೆತಿದ್ದಲ್ಲ ಸ್ವಾಮಿ, ಬೇಕಂತಲೇ ಬಿಟ್ಟಿದ್ದು! ಯಾರಾದ್ರೂ ಓದಲಿ ಅಂತ!"

ಅವಳದು ನಿಲ್ದಾಣದ ಎದುರಿನ ಕನ್ನಡಕದ ಅಂಗಡಿ. ಕಣ್ಣು ಪರೀಕ್ಷಿಸುವುದರಿಂದ ಹಿಡಿದು ಗಾಜು ಕೂರಿಸುವುದರವರೆಗೆ ಎಲ್ಲ ಅವಳೇ. ಅವಳ ದೊಡ್ಡಪ್ಪ ಹಿಂದೆ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಅವರು ಹೋದಮೇಲೆ ಪುಸ್ತಕಗಳೆಲ್ಲ ಮನೆಯ ಒಂದು ಕೋಣೆಯನ್ನು ತುಂಬಿಕೊಂಡಿದ್ದವು. ಈಗ ಅತ್ತಿಗೆಗೆ ದಿನ ತುಂಬುತ್ತಿದೆ, ಮಗುವಿಗೆ ಕೋಣೆ ಬೇಕು. "ಹಳೇ ಪೇಪರ್‌ನವನನ್ನ ಕರೀತೀನಿ," ಎಂದಿದ್ದ ಅಣ್ಣ. "ಬೇಡ, ಒಂದೊಂದಕ್ಕೂ ಓದೋರನ್ನ ಹುಡುಕ್ತೀನಿ," ಎಂದಿದ್ದಳು ಇವಳು. ಹಿಡಿದರೆ ಉಡದ ಪಟ್ಟು ಎಂದು ಮನೆಯಲ್ಲಿ ಹೆಸರಾದವಳು.

ಅಂದಿನಿಂದ ವಾರಕ್ಕೆ ಎರಡು ಮೂರು ದಿನ, ಬೆಳಿಗ್ಗೆ ಅಂಗಡಿಗೆ ಬರುವಾಗ ಮೂರನೇ ಬೆಂಚಿನ ಮೇಲೆ ಒಂದು ಪುಸ್ತಕ. ಸಂಜೆ ಬಂದು ನೋಡಿದರೆ ಬೆಂಚು ಖಾಲಿ. ಅವಳಿಗೆ ಹಾಲು ಕುಡಿದಷ್ಟು ಸಂತೋಷ. "ಊರಿಗೆ ಊರೇ ಓದ್ತಿದೆ," ಎಂದು ಊಟಕ್ಕೆ ಕೂತಾಗ ಅಣ್ಣನ ಮುಂದೆ ಕೊಚ್ಚಿಕೊಂಡಿದ್ದೂ ಆಗಿತ್ತು. ಈಗ ನೋಡಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಣ್ಣ ಕೊಟ್ಟ ಗಡುವು ಮುಗಿಯುತ್ತಿದೆ, ಬರುವ ಭಾನುವಾರ ಹಳೇ ಪೇಪರ್‌ನವನು ತಕ್ಕಡಿ ಹಿಡಿದು ಬರುತ್ತಾನೆ.

"ಮೊದಲ ಪುಟದಲ್ಲಿ ಬರೆದಿದ್ದೀನಲ್ಲ, ನೋಡ್ಲಿಲ್ವಾ?"

ಅವನು ಒಂದು ಪುಸ್ತಕ ತೆಗೆದು ಬಿಡಿಸಿದ. ತೋಳು ಮುಂದಕ್ಕೆ ಹೋಯಿತು, ಕತ್ತು ಹಿಂದಕ್ಕೆ ಹೋಯಿತು, ಕಣ್ಣು ಕಿರಿದಾಯಿತು. ಮತ್ತೆ ಪುಸ್ತಕ ಮುಚ್ಚಿದ. "ಕೆಲಸದ ಮಧ್ಯೆ ಪುರಸೊತ್ತೆಲ್ಲಿ ಮೇಡಂ."

ಅವಳು ರಟ್ಟಿನ ಚೀಟಿಗಳನ್ನು ನೋಡಿದಳು. ಅಕ್ಷರಗಳು ಹೆಬ್ಬೆರಳಿನಷ್ಟು ದಪ್ಪ. ಅವಳೊಳಗಿನ ಸಿಟ್ಟಿನವಳು ಹಿಂದೆ ಸರಿದು ಕನ್ನಡಕದ ಅಂಗಡಿಯವಳು ಮುಂದೆ ಬಂದಳು.

"ನಾಳೆ ಅಂಗಡಿಗೆ ಬನ್ನಿ."

"ಯಾಕೆ?"

"ಓದೋರು ಸಿಗಲಿಲ್ಲ ಅಂತ ನಾನು ಸೋಲೊಪ್ಪಲ್ಲ. ಕಣ್ಣು ಸರಿಮಾಡಿಯಾದ್ರೂ ಓದಿಸ್ತೀನಿ."

ಅವನು ಬರಲಿಲ್ಲ. ಮರುದಿನ ಅವಳೇ ಹೋದಳು. ಅವನು ರ್‍ಯಾಕಿನ ಹಿಂದೆ ಅಡಗಿದ್ದ. ಕೆಳಗೆ ಬೂಟು ಕಾಣುತ್ತಿತ್ತು.

"ಹೊರಗೆ ಬನ್ನಿ. ಬೂಟಿಗೆ ಕಣ್ಣು ಪರೀಕ್ಷೆ ಮಾಡೋಕಾಗಲ್ಲ."

ಅವನು ಕಿವಿಯವರೆಗೂ ಕೆಂಪಾಗಿ ಹೊರಬಂದ. "ನಿಜ ಹೇಳ್ತೀನಿ. ಹತ್ತಿರದ್ದೆಲ್ಲ ಮಂಜುಮಂಜು. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಭಯ."

"ಕನ್ನಡಕ ಹಾಕಿದವರನ್ನೆಲ್ಲ ತೆಗೆದ್ರೆ ಈ ಊರಲ್ಲಿ ಆಫೀಸುಗಳೇ ಇರ್ತಿರಲಿಲ್ಲ. ನಡೀರಿ."

ಅಂಗಡಿಯ ಒಳಕೋಣೆಯಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಾಯಿಸುವ ದುಂಡು ಫ್ರೇಮನ್ನು ಮೂಗಿನ ಮೇಲಿಟ್ಟಳು. ಕಿವಿಯ ಹಿಂದೆ ಕಡ್ಡಿ ಸರಿಪಡಿಸುವಾಗ ಅವನು ಉಸಿರು ಹಿಡಿದದ್ದು ಅವಳಿಗೆ ತಿಳಿಯಿತು. ದಿನಕ್ಕೆಷ್ಟೋ ಮುಖಗಳನ್ನು ಇಷ್ಟೇ ಹತ್ತಿರದಿಂದ ನೋಡುವವಳು ಅವಳು. ಇಂದು ಮಾತ್ರ ಬೆರಳು ತಡವರಿಸಿತು.

"ಇದು ಚೆನ್ನಾಗಿದೆಯಾ, ಮೊದಲಿನದ್ದಾ?"

"ಎರಡೂ ಚೆನ್ನಾಗಿದೆ."

"ಬೋರ್ಡ್ ನೋಡಿ ಹೇಳಿ ಸರ್. ನನ್ನನ್ನ ನೋಡಿ ಅಲ್ಲ."

"ಬೋರ್ಡ್ ದೂರದಲ್ಲಿದೆ. ದೂರದ್ದು ನನಗೆ ಮೊದಲಿಂದಲೂ ಕಾಣುತ್ತೆ. ಹತ್ತಿರದ್ದು ಇವತ್ತೇ ಕಾಣ್ತಿರೋದು."

ಅವಳು ಬೇಗ ತಿರುಗಿ, ಡಬ್ಬಿಯಲ್ಲಿ ಬೇಡದ ಗಾಜು ಹುಡುಕತೊಡಗಿದಳು.

ಕೊನೆಗೆ ಪವರ್ ಸರಿಹೊಂದಿತು. ಅವಳು ತನ್ನ ಪುಸ್ತಕವೊಂದನ್ನೇ ಅವನ ಕೈಗಿತ್ತಳು. ಮೊದಲ ಪುಟದ ಮೂಲೆಯಲ್ಲಿ, ಪೆನ್ಸಿಲಿನಲ್ಲಿ ಬರೆದದ್ದನ್ನು ಅವನು ನಿಧಾನವಾಗಿ ಓದಿದ. "ಇದು ಕಳೆದುಹೋದದ್ದಲ್ಲ. ನಿಮಗೆಂದೇ ಬಿಟ್ಟಿದ್ದು."

ಅವನು ಎರಡನೇ ಸಲ ಮನಸ್ಸಿನಲ್ಲೇ ಓದಿಕೊಂಡ. ತುಟಿ ಅಲುಗಿದ್ದು ಅವಳಿಗೆ ಕಂಡಿತು.

"ಇದನ್ನ ಓದೋಕೆ ಭೂತಗನ್ನಡಿ ಬೇಕು ಮೇಡಂ. ಇಷ್ಟು ಸಣ್ಣಗೆ ಯಾಕೆ ಬರೀತೀರಿ?"

"ಪುಸ್ತಕ ಗಲೀಜಾಗಬಾರದು ಅಂತ."

"ಅಷ್ಟೇನಾ?"

ಅಷ್ಟೇ ಅಲ್ಲವೆಂದು ಅವಳಿಗೆ ಆಗ ಹೊಳೆಯಿತು. ಹಟ ಬೆಟ್ಟದಷ್ಟಿದ್ದರೂ, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವಾಗ ಅವಳ ದನಿ ಯಾವಾಗಲೂ ಸಣ್ಣದಾಗುತ್ತಿತ್ತು. ಊರಿಗೆಲ್ಲ ಅಕ್ಷರ ಕಾಣಿಸುವವಳು ತಾನು ಬರೆದದ್ದು ಯಾರಿಗೂ ಕಾಣದಂತೆ ಬರೆದಿದ್ದಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

"ಬೇಜಾರು ಮಾಡ್ಕೋಬೇಡಿ," ಅವನ ದನಿ ಮೆತ್ತಗಾಗಿತ್ತು. "ಕೌಂಟರಿಂದ ನಾನೇ ನೋಡಿದ್ದೀನಿ. ಎಷ್ಟೋ ಜನ ಪುಸ್ತಕಕ್ಕೆ ಕೈ ಚಾಚ್ತಿದ್ರು, ಆಮೇಲೆ ಯಾರದ್ದೋ ಏನೋ ಅಂತ ಕೈ ಹಿಂದಕ್ಕೆ ತೊಗೊಳ್ತಿದ್ರು. ಬೇಡ ಅಂತಲ್ಲ ಮೇಡಂ. ತೊಗೋಬಹುದು ಅಂತ ಗೊತ್ತಾಗ್ತಿರಲಿಲ್ಲ, ಅಷ್ಟೇ."

ಅವಳ ಕಣ್ಣು ತುಂಬಿತು. ದುಃಖಕ್ಕಲ್ಲ.

"ನಿಮ್ಮ ದಪ್ಪ ಮಾರ್ಕರ್ ಎಲ್ಲಿದೆ?"

ಶನಿವಾರ ಮಧ್ಯಾಹ್ನ ಕೋಣೆಯಲ್ಲಿದ್ದ ಪುಸ್ತಕಗಳಲ್ಲಿ ಒಂದು ತಳ್ಳುಗಾಡಿ ತುಂಬುವಷ್ಟು ನಿಲ್ದಾಣಕ್ಕೆ ಬಂದವು. ಅವನು ಮೊದಲೇ ನಿಲ್ದಾಣದ ಮ್ಯಾನೇಜರ್ ಹತ್ತಿರ ಹೋಗಿ, "ಕಳೆದದ್ದಲ್ಲ ಅಂತ ಬರೆದಿದ್ರೆ ನಾನು ಎತ್ತಿಡಬೇಕಾಗಿಲ್ಲ ಅಲ್ವಾ ಸಾರ್?" ಎಂದು ಕೇಳಿ ಬಂದಿದ್ದ. "ತಲೆ ತಿನ್ಬೇಡ, ಏನಾದ್ರೂ ಮಾಡ್ಕೋ," ಎಂದಿದ್ದರು ಅವರು. ಅದನ್ನೇ ಅನುಮತಿ ಎಂದುಕೊಂಡು ಇಬ್ಬರೂ ಕೌಂಟರಿನ ಆಚೆ ಈಚೆ ಕೂತರು. ಅವನು ಚೀಟಿ ಬರೆದ, ಅವಳು ದಾರ ಕಟ್ಟಿದಳು.

"ನಿಮ್ಮನ್ನ ಇಲ್ಲೆಲ್ಲ ಸಿಕ್ಕಣ್ಣ ಅಂತಾರಂತೆ?" ಅವಳು ಕೆಣಕಿದಳು.

"ಏನು ಕಳೆದ್ರೂ ನನ್ನ ಹತ್ತಿರ ಸಿಗುತ್ತಲ್ಲ, ಅದಕ್ಕೆ. ಯಾರು ಬೇಕಾದ್ರೂ ಕರೀಲಿ. ನೀವು ಮಾತ್ರ ಅಣ್ಣ ಅನ್ಬೇಡಿ."

ದಾರದ ಗಂಟು ಅವಳ ಬೆರಳಲ್ಲಿ ಜಾರಿತು. ಅವನು ತಲೆಯೆತ್ತಲಿಲ್ಲ, ಆದರೆ ಬರೆಯುತ್ತಿದ್ದ ಅಕ್ಷರ ಸೊಟ್ಟಗಾಯಿತು.

ಬೆಂಚುಗಳ ಮೇಲೆ, ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ, ಕಂಬದ ಸುತ್ತ, ಎಲ್ಲೆಲ್ಲೂ ಪುಸ್ತಕ. ಎಲ್ಲದಕ್ಕೂ ಹೆಬ್ಬೆರಳಿನಷ್ಟು ದಪ್ಪ ಅಕ್ಷರ. ಮೊದಲು ಒಬ್ಬ ನರ್ಸ್ ಒಂದನ್ನು ಎತ್ತಿಕೊಂಡು, ಯಾರಾದರೂ ಬೈಯುತ್ತಾರೇನೋ ಎಂದು ಸುತ್ತ ನೋಡಿ, ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಒಬ್ಬ ಡ್ರೈವರ್. ಆಮೇಲೆ ಯಾರು ಯಾರೋ. ತಂಗಿಯನ್ನು ಕರೆದೊಯ್ಯಲು ಸಂಜೆ ಬಂದ ಅಣ್ಣ, ಅರ್ಧಕ್ಕರ್ಧ ಖಾಲಿಯಾದ ಬೆಂಚುಗಳನ್ನೂ, ಪುಟ ತಿರುವುತ್ತ ಬಸ್ಸು ತಪ್ಪಿಸಿಕೊಂಡವರನ್ನೂ ನೋಡಿ ತುಂಬ ಹೊತ್ತು ನಿಂತ. ತಾನೂ ಒಂದು ಎತ್ತಿಕೊಂಡ.

"ಪೇಪರ್‌ನವನಿಗೆ ಬರಬೇಡ ಅಂತ ಹೇಳ್ತೀನಿ," ಎಂದ. "ಮನೇಲಿರೋದನ್ನೂ ಹೀಗೇ ಬಿಡು. ಮಗು ಬರೋದ್ರೊಳಗೆ ಕೋಣೆ ತಾನಾಗಿ ಖಾಲಿಯಾಗುತ್ತೆ."

ಹಾಗೇ ಆಯಿತು. ಕೊನೆಯ ಪುಸ್ತಕವೂ ಹೋದ ದಿನ ಗೆದ್ದ ಖುಷಿಯ ಬದಲು ಅವಳಿಗೆ ಒಳಗೆಲ್ಲ ಖಾಲಿ ಅನ್ನಿಸಿತು. ಇನ್ನು ಆ ಕೌಂಟರಿಗೆ ಹೋಗಲು ಏನು ನೆಪ?

"ಛತ್ರಿ ಇದೆಯಲ್ಲ," ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದಿನಾ ಹೋಗ್ತೀಯ, ಛತ್ರಿ ಮಾತ್ರ ಬರಲ್ಲ. ಹೋಗು, ಛತ್ರಿ ಬರದಿದ್ರೆ ಅವರನ್ನೇ ಕರ್ಕೊಂಡು ಬಾ."

ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಮೂರನೇ ಬೆಂಚಿನ ಮೇಲೆ ಅವನು ಕೂತಿದ್ದ. ಮಡಿಲಲ್ಲಿ ಛತ್ರಿ. ಮೂಗಿನ ಮೇಲೆ ಅವಳೇ ಕೂರಿಸಿದ ಗಾಜಿನ ಕನ್ನಡಕ. ಅಂಗಿಯ ಗುಂಡಿಗೆ ದಾರ, ದಾರಕ್ಕೊಂದು ರಟ್ಟಿನ ಚೀಟಿ.

'ಇದು ಕಳೆದುಹೋದದ್ದಲ್ಲ. ನಿಮಗೆಂದೇ ಬಿಟ್ಟಿದ್ದು.'

ನಿಂತಿದ್ದ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಕಂಡಕ್ಟರ್ ಸೀಟಿ ಊದುವುದನ್ನೇ ಮರೆತಿದ್ದ.

"ಏನ್ರೀ ಇದು, ಎಲ್ಲರೂ ನೋಡ್ತಿದ್ದಾರೆ," ಅವಳು ಪಿಸುಗುಟ್ಟಿದಳು.

"ನೋಡಲಿ. ನಿಮ್ಮ ಹಾಗೆ ಸಣ್ಣಗೆ ಬರೆಯೋಕೆ ನನಗೆ ಬರಲ್ಲ." ಅವನು ಛತ್ರಿಯನ್ನು ಪಕ್ಕಕ್ಕಿಟ್ಟು ಚೀಟಿಯನ್ನು ನೇರಮಾಡಿಕೊಂಡ. "ಬೇಕಾದವರು ಗುರುತು ಹೇಳಿ, ಬರೆದುಕೊಟ್ಟು ತೊಗೊಂಡು ಹೋಗ್ಬೇಕು. ಅದು ನಮ್ಮ ನಿಯಮ."

"ಎಡಗಣ್ಣಿಗೆ ಬಲಗಣ್ಣಿಗಿಂತ ಪವರ್ ಸ್ವಲ್ಪ ಜಾಸ್ತಿ," ಎಂದಳು ಅವಳು. ದನಿ ಸಣ್ಣದಾಗತೊಡಗಿತು. ತಡೆದು, ಮತ್ತೆ ಜೋರಾಗಿಯೇ ಹೇಳಿದಳು. "ನಕ್ಕರೆ ಎದುರಿಗಿದ್ದವರು ಬಂದ ಕೆಲಸ ಮರೀತಾರೆ. ಮೊದಲ ದಿನದಿಂದ ನಾನು ಮರೆತಿದ್ದೀನಿ. ಗುರುತು ಸಾಕಾ?"

"ಸಾಕು."

"ಮಾರ್ಕರ್ ಕೊಡಿ."

ಅವಳು ಬಗ್ಗಿ, ಚೀಟಿಯನ್ನು ಅಂಗೈಯ ಮೇಲೆ ಹಿಡಿದು, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೂ ಕಾಣುವಷ್ಟು ದೊಡ್ಡದಾಗಿ ಬರೆದಳು: 'ನನ್ನದು.'