ಕೈ ತಗೀಬ್ಯಾಡ್ರಿ, ಶೋಭಾರಾಣಿ

"ಕೆಟ್ಟ ಡಬ್ಬಿ ಮಾರಿ ಆರಾಮ ಚಾ ಕುಡಕೋತ ಕುಂತೀರಲ್ರಿ! ಒಂಚೂರರೆ ನಾಚಿಕಿ ಐತೇನ್ರಿ ನಿಮಗ?"

ಗಂಗಾವತಿಯ ಆ ಸೌಂಡ್ ಸಾಮಾನಿನ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಬಾಗಿಲಲ್ಲಿ ಶೋಭಾರಾಣಿ ನಿಂತಿದ್ದಳು. ಹೆಗಲಲ್ಲಿ ಎಲೆಕ್ಟ್ರಿಕ್ ಗಿಟಾರು, ಕೈಯಲ್ಲಿ ಪುಟ್ಟ ಕೆಂಪು ಡಬ್ಬಿ, ಮೂಗಿನ ತುದಿಯಲ್ಲಿ ಸಿಟ್ಟು. ತನ್ನೂರು ಗಿಣಿಗೇರಾದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಸಿಟ್ಟು ಬೆಳೆಯಲು ದಾರಿ ಸಾಕಷ್ಟು ಉದ್ದವಿತ್ತು.

ಅಂಗಡಿಯ ಪಂಪಾಪತಿ ಚಹಾದ ಗ್ಲಾಸು ಕೆಳಗಿಟ್ಟ. 'ಅಬ್ಬಾ... ಏನು ಕಣ್ಣು!' ಅಂದುಕೊಂಡ. ಬಾಯಲ್ಲಿ ಮಾತ್ರ, "ಏನಾತ್ರಿ?" ಎಂದ.

"ಗುಂಯ್ ಅಂತೈತ್ರಿ! ಗಿಟಾರ ಹಚ್ಚಿದ ಕೂಡ್ಲೆ ಶುರು! ನಾಳೆ ಸಂಜಿ ಒಳಗ ನಾ ರೆಕಾರ್ಡಿಂಗ್ ಕಳಸಬೇಕು!"

ಆ ಡಬ್ಬಿ ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಇಂಟರ್‌ಫೇಸ್. ಹೋದ ವಾರವಷ್ಟೇ ಅವನ ತಮ್ಮನ ಕೈಯಿಂದ ಕೊಂಡು ಹೋಗಿದ್ದಳು. ಪಂಪಾಪತಿ ಅದನ್ನು ತನ್ನ ಕಂಪ್ಯೂಟರಿಗೆ ಹಚ್ಚಿ, ಅವಳ ಗಿಟಾರಿನ ವೈರು ಸಿಕ್ಕಿಸಿ, "ಬಾರಸ್ರಿ" ಅಂದ.

ಅವಳು ಬಾರಿಸಿದಳು. ಒಂದಿಷ್ಟೂ ಗುಂಯ್ ಇಲ್ಲ! ಬರೀ ಗಿಟಾರು!

ಗಿರಾಕಿಗಳು ಮುಸಿಮುಸಿ ನಕ್ಕರು. ಶೋಭಾರಾಣಿಯ ಮುಖ ಕೆಂಪಾಯಿತು. ಪಂಪಾಪತಿ ಮಾತ್ರ ನಗಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಅವಸರ ಇದ್ರ ಇಲ್ಲೇ ರೆಕಾರ್ಡ್ ಮಾಡ್ರಲ್ಲ."

"ಆಗಂಗಿಲ್ರಿ. ಹಾಡಾಕಿ ನಮ್ಮವ್ವ. ಬೀಸುಕಲ್ಲಿನ ಗೂಟ ಹಿಡದ್ರ ಮಾತ್ರ ಆಕಿಗೆ ಹಾಡು ಬರತೈತಿ. ಆ ಕಲ್ಲು ನೆಲದಾಗ ಹುಗದೈತಿ. ಹೊತ್ಕೊಂಡು ಬರ್ಲೇನು?"

ನಿಜ ಹೇಳಬೇಕೆಂದರೆ, ಅವಳ ಜೀವವೆಲ್ಲ ಆ ಹಾಡಿನಲ್ಲಿತ್ತು. ಅವ್ವ ಹುಲಿಗವ್ವ ಜೋಳ ಬೀಸುತ್ತಾ ತಾನೇ ಕಟ್ಟಿಕೊಂಡ ಪದ, ಅದರ ಜೊತೆಗೆ ಮಗಳ ಗಿಟಾರು. ಫೋನಿನಲ್ಲಿ ರೆಕಾರ್ಡ್ ಮಾಡಿ ಹುಬ್ಬಳ್ಳಿಯ ಒಂದು ಸಂಗೀತ ತಂಡಕ್ಕೆ ಕಳಿಸಿದ್ದಳು. ಹಾಡು ಮನಸ್ಸಿಗೆ ಬಂದಿದೆ, ಸ್ವಚ್ಛವಾಗಿ ರೆಕಾರ್ಡ್ ಮಾಡಿ ಕಳಿಸಿದರೆ ತಂಡಕ್ಕೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು. ಅಡುಗೆಮನೆ ದಾಟದ ಅವ್ವನ ದನಿ ನಾಡೆಲ್ಲ ಕೇಳಬಹುದಿತ್ತು...

"ನಾಳೆ ಮುಂಜಾನೆ ನಾನ ಬರ್ತೀನ್ರಿ, ನಿಮ್ಮ ಮನಿಗೆ," ಎಂದ ಪಂಪಾಪತಿ.

'ಎಲ್ಲರ ಮುಂದೆ ಮಾನ ಕಳೆದ. ಈಗ ಮನೆಗೆ ಬಂದು ಉಳಿದದ್ದನ್ನೂ ಕಳೆಯುತ್ತಾನೋ?' ಎಂದುಕೊಂಡಳು. ಆದರೂ ಮನೆಯ ಗುರುತು ಹೇಳಿಯೇ ಬಂದಳು!

ಮರುದಿನ ಮುಂಜಾನೆ ಬೈಕು ಬಂತು. ಊರ ಪಕ್ಕದ ಫ್ಯಾಕ್ಟರಿಯ ಕರಿ ಧೂಳು ಎಂದಿನಂತೆ ಕಟ್ಟೆಯ ಮೇಲೆ ಕೂತಿತ್ತು. ಹುಲಿಗವ್ವ ಅಂಗಳಕ್ಕೆ ಬಕೆಟ್ ನೀರು ಹೊಡೆದು ಬಳಿಯುತ್ತಿದ್ದಳು. ಅಪ್ಪ ಹುಚ್ಚೀರಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹೊಸ ಸಿಮೆಂಟಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ. ಯುಗಾದಿಗೆ ತಾನೇ ಕಲಸಿ, ತಾನೇ ತಿಕ್ಕಿ ನುಣುಪು ಮಾಡಿದ ಅಂಗಳ. ಅದರ ಮೇಲೆ ಯಾರಾದರೂ ಚಪ್ಪಲಿ ಎಳೆದು ನಡೆದರೂ ಅವನಿಗೆ ಸಿಟ್ಟು.

ಒಳಗೆ ಪಂಪಾಪತಿ ಎಲ್ಲವನ್ನೂ ಮೊದಲಿನಿಂದ ಜೋಡಿಸಿದ. ಗಿಟಾರು ಡಬ್ಬಿಯ ಒಂದು ತೂತಿಗೆ, ಅವ್ವನ ಮೈಕು ಇನ್ನೊಂದಕ್ಕೆ.

"ಜೋರ್ ಬಾರಸ್ರಿ. ಹಸರ ಲೈಟ್ ಹತ್ತಬೇಕು, ಕೆಂಪ ಹತ್ತಬಾರ್ದು. ಕೆಂಪ ಹತ್ತಿದ್ರ ದನಿ ಒಡಿತೈತಿ." ಗುಂಡಿಯನ್ನು ಸ್ವಲ್ಪ ತಿರುಗಿಸಿದ. "ಈಗ ಹೆಡ್‌ಫೋನ್ ಹಾಕ್ಕೊಳ್ರಿ."

ಹಾಕಿಕೊಂಡಳು. ಗುಂಯ್ ಎಂಬ ಸದ್ದು ಕಿವಿ ತುಂಬಿತು. ಕಣ್ಣಲ್ಲಿ ನೀರೇ ಬಂತು.

"ತಂತಿ ಮ್ಯಾಲ ಕೈ ಇಡ್ರಿ."

ಅಂಗೈ ಇಟ್ಟಳು. ಅರೇ... ಸದ್ದು ನಿಂತೇಹೋಯಿತು! ಕೈ ಎತ್ತಿದಳು. ಮತ್ತೆ ಗುಂಯ್!

"ಹಂಗಾರ ಕೈ ತಗೀಬ್ಯಾಡ್ರಿ," ಎಂದು ಪಂಪಾಪತಿ ನಕ್ಕ. ಆ ನಗುವಿಗೆ ಅವಳ ಎದೆ ಝಲ್ಲೆಂದಿತು.

"ಅವ್ವ ಒಬ್ಬಾಕಿನ ಹಾಡೋವಾಗ ನಾ ಕೈ ತಗೀಲೇಬೇಕಲ್ರಿ!"

"ಚಾರ್ಜರ್ ತಗದು ನೋಡೀರೇನು? ಕರೆಂಟಿನ ಸದ್ದಿದ್ರ ನಿಲ್ಲತೈತಿ."

"ತಗದ್ರ ಲ್ಯಾಪ್‌ಟಾಪ್ ಬಂದ್ ಬೀಳತೈತ್ರಿ. ಬ್ಯಾಟರಿ ಸತ್ತೈತಿ."

ಪಂಪಾಪತಿ ಚಾರ್ಜರಿನ ಪ್ಲಗ್ಗನ್ನು ನೋಡಿದ. ಆಮೇಲೆ, "ನಿಮ್ಮ ಫ್ರಿಜ್ ಮುಟ್ಟಿದ್ರ ಜುಮ್ ಅಂತೈತೇನ್ರಿ?" ಎಂದು ಕೇಳಿದ.

'ಇವನಿಗೆ ತಲೆ ಸರಿ ಇದೆಯಾ! ನಾನು ಗಿಟಾರಿನ ಚಿಂತೆಯಲ್ಲಿದ್ದರೆ ಇವನಿಗೆ ಫ್ರಿಜ್ಜು!'

"ಹೌದಪಾ, ಯುಗಾದಿ ಆದಾಗಿಂದ ಹಂಗ ಆಗೈತಿ," ಎಂದು ಬಾಗಿಲಿಂದಲೇ ಹೇಳಿದಳು ಹುಲಿಗವ್ವ.

ಅಷ್ಟು ಕೇಳಿದ್ದೇ ತಡ, ಅವನು ಎದ್ದು ಹೊರಗೆ ಹೋದ. ಕಿಟಕಿಯಿಂದ ನೋಡಿದಳು. ಅಪ್ಪನ ಹತ್ತಿರ ಬಗ್ಗಿ ಏನೋ ಮೆಲ್ಲಗೆ ಹೇಳುತ್ತಿದ್ದಾನೆ. ಅಪ್ಪನ ಮುಖ ಗಂಟಾಗಿದೆ. ಆಮೇಲೆ... ಬೈಕಿನ ಸದ್ದು. ಹೋದ!

"ಅಪ್ಪಾ, ಎಲ್ಲಿ ಹೋಗ್ಯಾನ?"

ಹುಚ್ಚೀರಪ್ಪ ಅಂಗಳವನ್ನೇ ನೋಡುತ್ತಾ ಕೂತಿದ್ದ.

"ಏನರೆ ಅಂದ್ಯೇನಪಾ ನೀ? ಬೈದು ಕಳಿಸಿದ್ಯಾ?"

"ಸುಮ್ನಿರು ಶೋಭಾ."

ಮುಗಿಯಿತು! ಒಳಗೆ ಬಂದು ಗಿಟಾರನ್ನು ತಬ್ಬಿಕೊಂಡು ಕೂತಳು. ಅಷ್ಟು ಸಣ್ಣ ಮಾತಿಗೇ ಓಡಿಹೋದನಲ್ಲ... ನಕ್ಕಾಗ ನಾನೇ ಯಾಕೆ ಮರುಳಾದೆ? ಮಧ್ಯಾಹ್ನವಾಗುತ್ತಿತ್ತು, ಸಂಜೆಯ ಗಡುವು ಹತ್ತಿರ ಬರುತ್ತಿತ್ತು. ಹುಲಿಗವ್ವ ಮಗಳ ತಲೆ ಸವರಿ, "ಹಾಡು ಎಲ್ಲಿ ಹೋಗತೈತಿ ಬಿಡ ಮಗಳ, ನನ್ ಬಾಯಾಗ ಇರತೈತಿ," ಅಂದಳು. ಅದನ್ನು ಕೇಳಿ ಶೋಭಾರಾಣಿಗೆ ಇನ್ನೂ ಜೋರಾಗಿ ಅಳು ಬಂತು.

ಧಡ್! ಧಡ್!

ಹೊರಗೆ ಓಡಿದಳು. ಅಪ್ಪ ಹಾರೆ ಹಿಡಿದು ತನ್ನ ನುಣುಪಾದ ಅಂಗಳವನ್ನು ತಾನೇ ಒಡೆಯುತ್ತಿದ್ದ! ಪಕ್ಕದಲ್ಲಿ ಬೆವರಿಳಿಸುತ್ತಾ ಪಂಪಾಪತಿ. ಬೈಕಿನ ಮೇಲೆ ಕೊಪ್ಪಳದಿಂದ ತಂದ ಇದ್ದಿಲಿನ ಚೀಲ, ಹರಳುಪ್ಪು, ತಾಮ್ರದ ವೈರು.

"ಅಪ್ಪಾ! ನಿನ್ನ ಅಂಗಳಾ!"

"ಅರ್ಥಿಂಗ್ ಗುಂಡಿ ಇದರ ಬುಡಕ ಐತೆವ್ವಾ," ಎಂದು ಹುಚ್ಚೀರಪ್ಪ ನಾಚಿಕೆಯಿಂದ ಹೇಳಿದ. "ಚಂದ ಕಾಣಲಿ ಅಂತ ನಾನ ಸಿಮೆಂಟ್ ಬಡದು ಮುಚ್ಚಿದ್ದೆ. ಮದ್ಲು ನಿಮ್ಮವ್ವ ಅಕ್ಕಿ ತೊಳದ ನೀರು ಅಲ್ಲೇ ಚೆಲ್ತಿದ್ಲು. ಈಗ ಅದು ಒಣಗಿ ಸತ್ತೈತಿ. ವೈರೂ ಹರದೈತಿ. ಸೋರಿದ ಕರೆಂಟಿಗೆ ನೆಲಕ್ಕ ಇಳಿಯಾಕ ದಾರಿ ಇಲ್ಲ, ನಿನ್ನ ಗಿಟಾರದಾಗ ಬಂದು ಕುಂತೈತಿ."

"ಯಜಮಾನ್ರಿಗೆ ಹೆಂಗ ಹೇಳ್ಲಿ ಅಂತ ಹೆದರಿದ್ದೆ," ಪಂಪಾಪತಿ ಅವಳ ಮುಖ ನೋಡದೆ ಹೇಳಿದ. "ಯೋಚನಿ ಮಾಡ್ತೀನಿ ಅಂದ್ರು. ಹೂಂ ಅನ್ನಲಿ, ಬಿಡಲಿ, ಸಾಮಾನರೆ ತಯಾರಿರಲಿ ಅಂತ ಹೋಗಿದ್ದೆ."

'ಅಯ್ಯೋ... ನಾನು ಏನೆಲ್ಲ ಅಂದುಕೊಂಡೆ!'

ಮೇನ್ ಆಫ್ ಮಾಡಿ ಗುಂಡಿ ಬಿಚ್ಚಿದರು. ಹೊಸ ವೈರು ಬಿಗಿದರು. ಇದ್ದಿಲು, ಉಪ್ಪು ಸುರಿದು ಮಣ್ಣು ಮುಚ್ಚಿದರು. ಶೋಭಾರಾಣಿ ಬಕೆಟ್ ಮೇಲೆ ಬಕೆಟ್ ನೀರು ಹೊಯ್ದಳು.

ಮೇನ್ ಆನ್. ಹೆಡ್‌ಫೋನು. ಉಸಿರು ಬಿಗಿಹಿಡಿದು ತಂತಿಯ ಮೇಲಿಂದ ಕೈ ಎತ್ತಿದಳು.

ಗುಂಯ್ ಇಲ್ಲ! ಇಲ್ಲವೇ ಇಲ್ಲ!

"ಅವ್ವಾ, ಬೀಸು!"

ಕಲ್ಲು ತಿರುಗಿತು. ಹುಲಿಗವ್ವ ಕಣ್ಣು ಮುಚ್ಚಿ ಹಾಡಿದಳು. ಮಗಳ ಗಿಟಾರು ಅವಳ ಹಿಂದೆಯೇ ಹೋಯಿತು. ಗಿಟಾರು ನಿಂತು ಅವ್ವನ ದನಿಯೊಂದೇ ಉಳಿದಾಗ ಪಂಪಾಪತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಹೊತ್ತು ಮುಳುಗುವ ಮುಂಚೆ ಹಾಡು ಹುಬ್ಬಳ್ಳಿಗೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಫೋನು ಬಂತು.

"ತಗೊಂಡ್ರು! ಅವ್ವಾ, ನಮ್ಮನ್ನ ತಗೊಂಡ್ರು! ನಿನ್ನ ಹೆಸರೂ ಹಾಕ್ತಾರಂತ!"

ಹುಲಿಗವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಹುಚ್ಚೀರಪ್ಪ ಓಣಿಗೆಲ್ಲ ಕೇಳುವಂತೆ, "ನನ್ ಅಂಗಳ ಹೋದ್ರ ಹೋಗಲಿ, ನನ್ ಮಗಳ ಗೆದ್ದಾಳ್ರೋ!" ಎಂದು ಕೂಗಿದ. ನೆರೆಮನೆಯ ಜೋಹರಾಬಿ ಸಕ್ಕರೆ ಡಬ್ಬಿ ಹಿಡಿದೇ ಓಡಿ ಬಂದಳು.

ಆ ಗದ್ದಲದ ನಡುವೆ ಪಂಪಾಪತಿ ಮೆಲ್ಲಗೆ ಬೈಕಿನ ಕಡೆ ಹೊರಟಿದ್ದ. ಶೋಭಾರಾಣಿ ಒಡೆದ ಅಂಗಳ ದಾಟಿ ಅವನನ್ನು ತಡೆದಳು.

"ಹೇಳದ ಹೊಂಟ್ರೇನು?"

"ಕೆಲಸ ಮುಗೀತಲ್ರಿ."

"ನಿನ್ನಿ ಅಷ್ಟ ಬೈದಿದ್ದೆ. ಆದ್ರೂ ಯಾಕ ಬಂದ್ರಿ?"

ಅವನು ಹೆಲ್ಮೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. "ನಿಮ್ಮ ಡಬ್ಬಿ ಕೆಟ್ಟಿಲ್ಲ ಅಂತ ನಿನ್ನೇನ ಗೊತ್ತಾತ್ರಿ. ಕೆಟ್ಟಿದ್ದು ನನ್ನ ನಿದ್ದಿ. ನೀವು ಬಾರಿಸಿದ್ದು ರಾತ್ರಿಯೆಲ್ಲಾ ಕಿವ್ಯಾಗ ಇತ್ತು... ನೀವಂದ್ರ ನನಗ ಭಾಳ ಜೀವರಿ."

ಅವಳು ಹ್ಯಾಂಡಲ್ ಮೇಲಿದ್ದ ಅವನ ಮಣ್ಣು ಮೆತ್ತಿದ ಕೈ ಮೇಲೆ ತನ್ನ ಕೈ ಇಟ್ಟಳು. ಅವನ ಕೈ ತಂತಿಯಂತೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು.

"ಅಪ್ಪ ನೋಡ್ತಾನ್ರಿ," ಎಂದು ಪಿಸುಗುಟ್ಟಿದಳು. "ಕೈ ತಗೀಲ್ಯಾ?"

"ಬ್ಯಾಡ್ರಿ, ಶೋಭಾರಾಣಿ... ತಗೀಬ್ಯಾಡ್ರಿ."

ಅವಳು ತೆಗೆಯಲಿಲ್ಲ.