ರಂಜದ ಮರದ ಬುಡದಲ್ಲಿ ಸಿಮೆಂಟು

ಕವನಾಳ ಚಪ್ಪಲಿ ನೆಲಕ್ಕೆ ಅಂಟಿಕೊಂಡಿತು. ಬಗ್ಗಿ ಬೆರಳಿಟ್ಟು ನೋಡಿದಳು. ಸಿಮೆಂಟು, ಅದೂ ಇನ್ನೂ ಹಸಿ.

ಸಾಗರದ ಈ ಪಾರ್ಕಿಗೆ ಅವಳೇ ಎಂಜಿನಿಯರ್. ರಂಜದ ಮರದ ಸುತ್ತ ಹಾಸಿದ ಕಲ್ಲುಗಳ ನಡುವೆ ಬೇಕೆಂದೇ ಅರ್ಧ ಇಂಚು ಸಂದು ಬಿಡಿಸಿ, ಬರೀ ಸಣ್ಣ ಜಲ್ಲಿ ತುಂಬಿಸಿದ್ದಳು. ಮಳೆ ನೀರು ಅದರೊಳಗೇ ಇಳಿದು ಬೇರಿಗೆ ಸೇರಬೇಕು. ನೂರು ವರ್ಷ ದಾಟಿದ, ಮುಟ್ಟಬಾರದೆಂದು ಅರಣ್ಯ ಇಲಾಖೆ ಬೋರ್ಡು ಹಾಕಿದ್ದ ಮರ ಅದು. ಬೇರಿಗೆ ಒಂದು ಹನಿಯೂ ತಪ್ಪುವುದಿಲ್ಲ ಎಂದು ಸಹಿ ಹಾಕಿ ಕೊಟ್ಟವಳೂ ಅವಳೇ. ಈಗ ನೋಡಿದರೆ ಸಂದೆಲ್ಲ ಮುಚ್ಚಿ, ದಾರಿ ಕಲ್ಯಾಣ ಮಂಟಪದ ನೆಲದಂತೆ ನುಣ್ಣಗಾಗಿತ್ತು. ಹತ್ತು ಗಂಟೆಗೆ ಅರಣ್ಯ ಇಲಾಖೆಯ ಶೇಷಪ್ಪ ನೀರು ಹೊಯ್ದು ನೋಡಲು ಬರುವವರಿದ್ದರು.

"ಯಾರು ಮಾಡಿದ್ದು ಇದು?"

"ನಾನೇ ಮೇಡಂ." ಮೇಸ್ತ್ರಿ ದುರ್ಗೇಶ್ ಕರಣೆ ಹಿಡಿದು ಎದ್ದು ನಿಂತ. ಮೊಣಕೈವರೆಗೂ ಬೂದಿ ಬಣ್ಣ, ಮುಖದ ತುಂಬ ಖುಷಿ. "ಬೆಳಿಗ್ಗೆ ಆರಕ್ಕೇ ಬಂದೆ. ಹೆಂಗಿದೆ?"

ಅವಳಿಗೆ ಬೈಯಲೂ ಬಾಯಿ ಬರಲಿಲ್ಲ. ಎರಡು ತಿಂಗಳಿಂದ ಈ ಮುಖವನ್ನು ಕದ್ದು ನೋಡುವುದೇ ಅವಳಿಗೊಂದು ಕೆಲಸವಾಗಿತ್ತು. ಅವನೂ ಕಡಿಮೆಯವನಲ್ಲ. ದಾರ ಕಟ್ಟಿ ಮಟ್ಟ ನೋಡುವ ನೆಪದಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಅವಳನ್ನೇ ಅಳೆಯುತ್ತಿದ್ದ.

"ಮರ ಸತ್ತು ಹೋಗುತ್ತೆ ದುರ್ಗೇಶ್. ಸಂದು ಬಿಡಿಸಿದ್ದೇ ನೀರು ಇಳೀಲಿ ಅಂತ."

ಅವನು ಮರ ನೋಡಿದ, ನೆಲ ನೋಡಿದ. ಕರಣೆ ಕೈಯಿಂದ ಜಾರಿದ್ದೂ ಅವನಿಗೆ ಗೊತ್ತಾಗಲಿಲ್ಲ.

"ನಮ್ಮ ಹೊಸನಗರದ ಕಡೆ ಸಂದು ಬಿಟ್ರೆ ಮೇಸ್ತ್ರಿಗೆ ಕೆಲ್ಸ ಬರಲ್ಲ ಅಂತಾರೆ," ಎಂದ ಮೆಲ್ಲಗೆ. "ಇವತ್ತು ನೋಡೋಕೆ ಬಂದವ್ರು ನಿಮ್ಮನ್ನ ಆಡ್ಕೋಬಾರ್ದು ಅಂತ ಮಾಡ್ದೆ."

"ಇದು ಗಟ್ಟಿಯಾಗೋಕೆ ಎಷ್ಟು ಹೊತ್ತು ಬೇಕು?"

"ಇನ್ನೊಂದು ಗಂಟೆ. ಅಷ್ಟೇ."

ಕವನಾ ಬ್ಯಾಗಿನಿಂದ ಸ್ಟೀಲ್ ಸ್ಕೇಲು ತೆಗೆದು ಅಲ್ಲೇ ಮೊಣಕಾಲೂರಿದಳು. ಅವನು ಕಬ್ಬಿಣದ ಕೊಕ್ಕೆ ಹಿಡಿದು ಎದುರಿಗೆ ಕೂತ. ಇಬ್ಬರೂ ಸಂದು ಸಂದಿನಿಂದ ಸಿಮೆಂಟು ಕೆರೆದರು. ಕೆಳಗೆ ಅಂಟಾಗಿದ್ದ ಜಲ್ಲಿಯನ್ನೂ ಬಗೆದು ತೆಗೆದರು. ಕೂಲಿಯವರು ಹಿಂದೆಯೇ ಹೊಸ ಜಲ್ಲಿ ತುಂಬುತ್ತ ಬಂದರು.

"ಸಂದು ಎಂತಕ್ಕೆ ಅಂತ ಕಲ್ಲು ಹಾಸೋ ದಿನಾನೇ ಕೇಳಿದ್ದೆ," ಎಂದ ದುರ್ಗೇಶ್, ತಲೆ ಎತ್ತದೆ. "ಡ್ರಾಯಿಂಗಲ್ಲಿ ಇದೆ, ಹಂಗೇ ಮಾಡಿ ಅಂದು ಹೊರಟೇ ಹೋದ್ರಿ. ಮೇಸ್ತ್ರಿಗೆ ಹೇಳಿ ಎಂತ ಪ್ರಯೋಜನ ಅಂದ್ಕೊಂಡ್ರೇನೋ ಅನ್ನಿಸ್ತು."

ಅವಳ ಸ್ಕೇಲು ನಿಂತೇಹೋಯಿತು. ಇಷ್ಟು ದಿನ ಇವನು ಹೀಗೆ ತಿಳಿದಿದ್ದನೇ? ಸಿಮೆಂಟು ಕಂಡಾಗಲೂ ಅವಳಿಗೆ ಇಷ್ಟು ಆಘಾತವಾಗಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಹತ್ತಿರ ಶೇಷಪ್ಪನವರ ಬೈಕು ನಿಂತಿತು.

ಶೇಷಪ್ಪ ಒಂದು ಕೊಡ ನೀರು ಸುರಿದರು. ನೀರು ಒಂದು ಕ್ಷಣ ಕಲ್ಲಿನ ಮೇಲೆ ನಿಂತಿತು, ಆಮೇಲೆ ಗುಳುಗುಳು ಎಂದು ಸಂದಿನೊಳಗೆ ಇಳಿದುಹೋಯಿತು. ಇನ್ನೊಂದು ಕೊಡವೂ ಇಳಿಯಿತು. ಶೇಷಪ್ಪ ಕಾಗದಕ್ಕೆ ಸಹಿ ಹಾಕಿ, ಇಬ್ಬರ ಕೈಯನ್ನೂ ವಿಚಿತ್ರವಾಗಿ ನೋಡಿ ಹೊರಟರು.

"ನಾನು ಅವತ್ತು ಓಡಿದ್ದು ನೀವು ಮೇಸ್ತ್ರಿ ಅಂತಲ್ಲ," ಎಂದಳು ಕವನಾ. "ಇನ್ನೊಂದು ನಿಮಿಷ ನಿಂತಿದ್ರೆ, ನಿಮ್ಮನ್ನ ಇಷ್ಟಪಡ್ತೀನಿ ಅನ್ನೋದು ನನ್ನ ಮುಖ ನೋಡಿದ್ರೇ ಗೊತ್ತಾಗ್ತಿತ್ತು."

ದುರ್ಗೇಶ್ ಬೆಪ್ಪಾಗಿ ನಿಂತ.

"ನಿಮ್ಮಮ್ಮ ಒಪ್ತಾರಾ?" ಎಂದ ಕೊನೆಗೆ.

"ಅಮ್ಮಂಗೆ ನಾನು ಹೇಳ್ತೀನಿ. ನಿಮಗೆ ನಾನು ಆಗ್ಬೋದಾ, ಅದು ಹೇಳಿ."

"ಕೈ ತೊಳ್ಕೊಂಡು ಬಂದು ಹೇಳ್ಲಾ?"

"ಬೇಡ. ಈಗ್ಲೇ."

ಸಿಮೆಂಟಿಗೆ ಇಬ್ಬರ ಕೈಯೂ ಉರಿಯುತ್ತಿತ್ತು. ಆ ಉರಿಯುವ ಕೈಯಲ್ಲೇ ಅವನು ಅವಳ ಕೈ ಹಿಡಿದುಕೊಂಡ. ಕೂಲಿಯವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರೂ ಬಿಡಲಿಲ್ಲ.